ದೇವರು ಗಂಡೋ ಹೆಣ್ಣೋ? "ದೇವರ ಸ್ವರೂಪ" ಅನ್ನುವ ಮಾತು ಹೆಣ್ಣಿಗೂ ಪೂರ್ತಿ ಸಲ್ಲುತ್ತದೆಯೇ?

ಧಾರವಾಡದ ಮಗಳು

ಎಲ್ಲಾರಿಗೂ ನಮಸ್ಕಾರ್ರಿ. ದೇವರು ಗಂಡಸಲ್ಲ ಅಂತ ನಾನು ನಂಬೀನಿ. ಹೆಂಗಸೂ ಅಲ್ಲ. ಇದನ್ನ ಸತ್ಯವೇದಾನೇ, ಅಂದ್ರ ಬೈಬಲ್ಲೇ, ಹೇಳ್ತದ ಅಂತ ನನ್ನ ವಾದ. ಆದರ ನಮ್ಮಲ್ಲಿ ಈ ಮಾತು ಎತ್ತಿದ್ರ ಜಗಳಕ್ಕ ಬಂದಂಗ ನೋಡ್ತಾರ. ಅದಕ್ಕ ಇಲ್ಲಿ ಬರೀಲಿಕ್ಕತ್ತೀನಿ.

ಹಿನ್ನೆಲೆ ಇಷ್ಟು. ನಮ್ಮದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಮಹಿಳಾ ಅನ್ಯೋನ್ಯ ಕೂಟದಾಗ, ಮಗನ್ನ ಕಳಕೊಂಡ ಒಬ್ಬ ಅಕ್ಕ ಪ್ರಾರ್ಥನೆ ಮಾಡುಮುಂದ "ನಮ್ಮವ್ವಾ, ದೇವರೇ" ಅಂದ್ರು. ತಾನಾಗೇ ಬಾಯಿಗೆ ಬಂದ ಮಾತು. ಕೂಟ ಮುಗದ ಮ್ಯಾಲೆ ಹಿರಿಯರೊಬ್ಬರು ಎಲ್ಲಾರ ಮುಂದ "ಯೇಸುಸ್ವಾಮಿ ತಂದೆ ಅಂತ ಕಲಿಸ್ಯಾನ, ನೀವು ಅವ್ವ ಗಿವ್ವ ಅಂತ ಹೊಸಾದು ಹಚ್ಚಬ್ಯಾಡ್ರಿ" ಅಂದ್ರು. ಆ ಅಕ್ಕ ಈಗಲೂ ಕೂಟಕ್ಕ ಬರ್ತಾರ, ಆದರ ಗಟ್ಟಿಯಾಗಿ ಪ್ರಾರ್ಥನೆ ಮಾಡೂದು ಬಿಟ್ಟಾರ.

ಆದಿಕಾಂಡ 1:27ರೊಳಗ ದೇವರು ಮನುಷ್ಯರನ್ನ ತನ್ನ ಸ್ವರೂಪದಾಗ ಮಾಡಿದ, ಗಂಡು ಹೆಣ್ಣಾಗಿ ಮಾಡಿದ ಅಂತ ಕೂಡೇ ಐತಿ. ಆ ಸ್ವರೂಪ ಅಂದ್ರ ಏನು? ಹೆಣ್ಣಿನೊಳಗೂ ಅದು ಪೂರ್ತಿ ಐತಿ ಅಂತ ಒಪ್ಪಿದ ಮ್ಯಾಲೆ, ದೇವರನ್ನ ತಾಯಿ ಅಂತ ಕರದ್ರ ತಪ್ಪೇನು?

ಧರ್ಮೋಪದೇಶಕಾಂಡ 4:15-16 ತಗದು ನೋಡ್ರಿ. ಹೋರೇಬ್ ಬೆಟ್ಟದಾಗ ದೇವರು ಬೆಂಕಿಯೊಳಗಿಂದ ಮಾತಾಡಿದಾಗ ನೀವು ಯಾವ ರೂಪಾನೂ ಕಾಣಲಿಲ್ಲ, ಅದಕ್ಕ ಗಂಡಿನ ಮೂರ್ತಿ ಆಗಲಿ ಹೆಣ್ಣಿನ ಮೂರ್ತಿ ಆಗಲಿ ಮಾಡಬ್ಯಾಡ್ರಿ ಅಂತ ಮೋಶೆ ಹೇಳ್ತಾನ. ಕಲ್ಲಿನಾಗ ಕಡೀಬಾರದ ಗಂಡಿನ ಮೂರ್ತಿನ ಮನಸಿನಾಗ ಕಡದು ಇಟ್ಕೊಂಡ್ರ ಅದು ಸರಿ ಆಗ್ತದೇನು?

ಹಳೇ ಸಭೆಯವ

ಸಿಸ್ಟರ್, ಮೊದಲು ಒಂದು ಮಾತು. ಮಗನನ್ನು ಕಳೆದುಕೊಂಡ ತಾಯಿಗೆ ಎಲ್ಲರ ಮುಂದೆ ಹಾಗೆ ಹೇಳಿದ್ದು ತಪ್ಪು. ನಾನೂ ಸಭೆಯಲ್ಲಿ ಹಿರಿಯನಾಗಿ ಕೆಲಸ ಮಾಡಿದವನು, ಅದನ್ನು ಸಮರ್ಥಿಸುವುದಿಲ್ಲ.

ಆದರೆ ಉಪದೇಶದ ವಿಷಯ ಬೇರೆ. ದೇವರಿಗೆ ದೇಹವಿಲ್ಲ, ಆದ್ದರಿಂದ ಗಂಡು ಹೆಣ್ಣು ಅನ್ನೋದೂ ಇಲ್ಲ. ಇದು ನನಗೂ ಒಪ್ಪಿಗೆ. ಯೋಹಾನ 4:24 ದೇವರು ಆತ್ಮಸ್ವರೂಪನು ಅನ್ನುತ್ತೆ, ಅರಣ್ಯಕಾಂಡ 23:19 ದೇವರು ಮನುಷ್ಯನಲ್ಲ ಅನ್ನುತ್ತೆ. ಆದರೂ 'ತಂದೆ' ಅನ್ನೋದು ನಾವು ಇಟ್ಟ ಹೆಸರಲ್ಲ. ಪ್ರಾರ್ಥನೆ ಕಲಿಸು ಅಂತ ಶಿಷ್ಯರು ಕೇಳಿದಾಗ ಕರ್ತನೇ ಕೊಟ್ಟಿದ್ದು. ಗೆತ್ಸೇಮನೆಯ ತೋಟದಲ್ಲಿ ಕಷ್ಟ ಕುತ್ತಿಗೆಗೆ ಬಂದಾಗಲೂ ಆತ ಕರೆದದ್ದು "ಅಪ್ಪಾ ತಂದೆಯೇ" ಅಂತಲೇ. ತಾಯಿ ಸಂತೈಸುವ ಹಾಗೆ ಸಂತೈಸುತ್ತೇನೆ ಅನ್ನೋ ಮಾತು ಯೆಶಾಯ 66:13ರಲ್ಲಿ ಇದೆ, ಇಲ್ಲ ಅನ್ನಲ್ಲ. ಅದು ಹೋಲಿಕೆ. "ತಾಯಿಯ ಹಾಗೆ" ಅನ್ನೋದಕ್ಕೂ "ತಾಯಿಯೇ" ಅಂತ ಕರೆಯೋದಕ್ಕೂ ವ್ಯತ್ಯಾಸ ಇದೆ.

ನನಗೆ ಇನ್ನೊಂದು ಹೆದರಿಕೆ. ಇಸ್ರಾಯೇಲ್ಯರ ಸುತ್ತ ಇದ್ದ ಜನ ಬಾಳನೆಂಬ ದೇವನನ್ನೂ ಅಶೇರ ಎಂಬ ದೇವಿಯನ್ನೂ ಪೂಜಿಸುತ್ತಿದ್ದರು. ಪ್ರವಾದಿಗಳು ಅದರ ವಿರುದ್ಧ ಜೀವ ಒತ್ತೆ ಇಟ್ಟು ಹೋರಾಡಿದರು. ತಾಯಿ ಅನ್ನೋ ಹೆಸರು ಕೊಟ್ಟು ಅದೇ ದೇವಿಯನ್ನು ಹಿಂಬಾಗಿಲಿನಿಂದ ಒಳಗೆ ಕರಕೊಂಡ ಹಾಗಾಗಬಾರದು.

ಶಾಸನಪ್ರಿಯ

ಅಶೇರಳ ಮಾತು ಬಂದದ್ದರಿಂದ ಹೇಳುತ್ತೇನೆ. ಸಿನಾಯಿ ಮರುಭೂಮಿಯ ಕುಂತಿಲತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ಉತ್ಖನನ ನಡೆದಾಗ ಕ್ರಿ.ಪೂ. 8ನೇ ಶತಮಾನದ ಸುಮಾರಿನ ದೊಡ್ಡ ಹರವಿಗಳು ಸಿಕ್ಕವು. ಅವುಗಳ ಮೈಮೇಲೆ "ಯೆಹೋವ ಮತ್ತು ಅವನ ಅಶೇರ"ದ ಹೆಸರಿನಲ್ಲಿ ಹಾರೈಕೆಯ ಸಾಲುಗಳಿವೆ (ಯೆಹೋವ ಎಂದರೆ ಇಸ್ರಾಯೇಲ್ಯರ ದೇವರು). ಇಲ್ಲಿ ಅಶೇರ ಎಂದರೆ ದೇವಿಯೋ, ಪೂಜೆಯ ಮರದ ಕಂಬವೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ದೇವಿಯೇ ಎಂದಿಟ್ಟುಕೊಳ್ಳೋಣ. ಆಗ ಅಲ್ಲಿ ನಡೆದದ್ದೇನು? ಯಾರೂ ದೇವರನ್ನು ತಾಯಿ ಎನ್ನಲಿಲ್ಲ. ದೇವರನ್ನು ಗಂಡಸೆಂದು ತಿಳಿದು, ಗಂಡಸಿಗೊಬ್ಬಳು ಹೆಂಡತಿ ಬೇಕಲ್ಲ ಎಂದು ಜೊತೆ ಕೂಡಿಸಿದರು. ಪ್ರವಾದಿಗಳ ದೇವರಿಗೆ ಹೆಂಡತಿಯಿಲ್ಲ, ಹುಟ್ಟಿಲ್ಲ, ಮದುವೆಯ ಕಥೆಯಿಲ್ಲ. ನೆರೆಯ ಗಂಡುದೇವರುಗಳ ಸಾಲಿನಲ್ಲಿ ಆತ ನಿಲ್ಲುವುದೇ ಇಲ್ಲ. ಹಾಗಾಗಿ ಹಿರಿಯರೇ, ನೀವು ಹೆದರುವ ತಪ್ಪು ದೇವರನ್ನು ಗಂಡಾಗಿ ಕಾಣುವಲ್ಲಿಂದಲೇ ಶುರುವಾಗುತ್ತದೆ.

ಇನ್ನು ಸ್ವರೂಪ. 1979ರಲ್ಲಿ ಸಿರಿಯಾದ ಈಶಾನ್ಯದ ತೆಲ್ ಫೆಖೆರಿಯೆಯಲ್ಲಿ ಆಳೆತ್ತರದ ಕಲ್ಲಿನ ಪ್ರತಿಮೆಯೊಂದು ಸಿಕ್ಕಿತು. ಗಡ್ಡಧಾರಿ ಅಧಿಪತಿ, ಎದೆಯ ಬಳಿ ಕೈ ಕೂಡಿಸಿ ನಿಂತಿದ್ದಾನೆ. ನಿಲುವಂಗಿಯ ಮೇಲೆ ಅಕ್ಕಾಡಿಯನ್ ಮತ್ತು ಅರಮೇಯಿಕ್ ಎರಡೂ ಭಾಷೆಯಲ್ಲಿ ಬರಹ. ಆದಿಕಾಂಡ 1:26ರಲ್ಲಿ 'ಸ್ವರೂಪ', 'ಹೋಲಿಕೆ' ಎಂದು ಬರುವ ಜೋಡಿಯೇ ಆ ಅರಮೇಯಿಕ್ ಬರಹದಲ್ಲಿ ಪ್ರತಿಮೆಯನ್ನು ಕುರಿತು ಬಂದಿದೆ. ಹದದ್ ದೇವರ ಎದುರು ಆ ಅಧಿಪತಿಯ ಪರವಾಗಿ ನಿಂತ ಕಲ್ಲು ಅದು. ಆಗಿನ ಲೋಕದಲ್ಲಿ ದೇವರ ಪ್ರತಿಮೆ ಎನ್ನಿಸಿಕೊಳ್ಳುತ್ತಿದ್ದವನು ಅರಸ. ಈಜಿಪ್ಟಿನ ತೂತನ್‌ಖಾಮನ್ ಎಂಬ ಹೆಸರಿನ ಅರ್ಥವೇ ಅಮುನ್ ದೇವರ ಜೀವಂತ ಪ್ರತಿಮೆ. ಅರಸನ ಆ ಬಿರುದನ್ನು ಆದಿಕಾಂಡ ಗದ್ದೆ ಉಳುವವನಿಗೂ ಕೊಟ್ಟಿತು, ನೀರು ಹೊರುವವಳಿಗೂ ಕೊಟ್ಟಿತು. ಹೆಣ್ಣೆಂದು ಹೆಸರು ಹಿಡಿದೇ ಕೊಟ್ಟಿತು. ಮುಂದಿನ ವಚನದಲ್ಲಿ ಭೂಮಿಯ ಮೇಲಿನ ಅಧಿಕಾರವೂ ಇಬ್ಬರಿಗೂ ಒಟ್ಟಿಗೆ. ಸ್ವರೂಪವೆಂದರೆ ಮೂಗು ಕಣ್ಣಿನ ಹೋಲಿಕೆಯಲ್ಲ, ದೇವರ ಪರವಾಗಿ ಭೂಮಿಯ ಮೇಲೆ ನಿಲ್ಲುವ ಪದವಿ.

ಹಳೇ ಸಭೆಯವ

ಹೆಂಡತಿಯ ವಿಷಯದಲ್ಲಿ ನೀವು ಹೇಳಿದ್ದನ್ನು ನಾನು ಈ ದಿಕ್ಕಿನಿಂದ ಯೋಚಿಸಿರಲಿಲ್ಲ. ಆದರೆ ಸ್ವರೂಪ ಬರೀ ಪದವಿ ಅನ್ನೋದು ಸಾಲದು ಸಾರ್. ಆದಿಕಾಂಡ 5:3ರಲ್ಲಿ ಆದಾಮ ತನ್ನ ಸ್ವರೂಪದಲ್ಲಿ ಸೇತನನ್ನು ಪಡೆದ ಅಂತ ಇದೆ. ಅಲ್ಲಿ ಅಪ್ಪ ಮಗನ ಹೋಲಿಕೆ ತಾನೇ?

ನೇತ್ರಾವತಿ ದಂಡೆ

ನಾನು ಮಂಗಳೂರಿನ ಕಥೋಲಿಕ. ನಮ್ಮಲ್ಲಿ ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಉಂಟು. 1992ರಲ್ಲಿ ಹೊರಬಂದ ಧರ್ಮಸಭೆಯ ಕ್ಯಾಟೆಕಿಸಂ, ಅಂದ್ರೆ ಧರ್ಮೋಪದೇಶದ ಪುಸ್ತಕದ 239ನೇ ಪರಿಚ್ಛೇದ, ದೇವರು ಗಂಡೂ ಅಲ್ಲ ಹೆಣ್ಣೂ ಅಲ್ಲ, ದೇವರು ದೇವರೇ ಎಂದು ಸ್ಪಷ್ಟವಾಗಿ ಹೇಳ್ತದೆ. 370ನೆಯದು ಇನ್ನೂ ಮುಂದೆ ಹೋಗಿ, ಮನುಷ್ಯ ದೇವರ ರೂಪದಲ್ಲಿ ಇದ್ದಾನೆಯೇ ಹೊರತು ದೇವರು ಮನುಷ್ಯನ ರೂಪದಲ್ಲಿ ಇಲ್ಲ ಅಂತದೆ. ಮೊದಲನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) ಹುದ್ದೆಯಲ್ಲಿದ್ದದ್ದು ಬರೀ 33 ದಿನ. ಅಷ್ಟರಲ್ಲೇ 1978ರ ಸೆಪ್ಟೆಂಬರ್ 10ರ ಪ್ರಾರ್ಥನೆಯ ಹೊತ್ತಿಗೆ, ದೇವರು ನಮ್ಮ ತಂದೆ, ಅದಕ್ಕಿಂತ ಹೆಚ್ಚಾಗಿ ತಾಯಿ ಎಂದರು. ಯೆಶಾಯನ ಮಾತನ್ನು ಹಿಡಿದೇ ಹೇಳಿದ್ದು.

ಹೊಸತು ಅಂತ ಹೇಳ್ತಾರಲ್ಲ, ಅದು ಸರಿ ಅಲ್ಲ. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಎಂಬ ತಪಸ್ವಿನಿಗೆ 1373ರಲ್ಲಿ ದರ್ಶನಗಳಾದವು. ಆಕೆ ಯೇಸುವನ್ನೇ ತಾಯಿ ಎಂದು ಬರೆದಿದ್ದಾಳೆ. ತಾಯಿ ಮಗುವಿಗೆ ಹಾಲು ಕೊಟ್ಟರೆ ಯೇಸು ತನ್ನನ್ನೇ ಕೊಡುತ್ತಾನೆ ಎಂಬುದು ಅವಳ ಧ್ಯಾನ. ಅವಳಿಗಿಂತ ಎಷ್ಟೋ ಮೊದಲೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಅನ್ಸೆಲ್ಮ್ ಕೂಡ ಹಾಗೆಯೇ ಪ್ರಾರ್ಥಿಸಿದ್ದ.

ಆದ್ರೆ ನಮ್ಮಲ್ಲಿ ನಡೆದದ್ದು ಬೇರೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದ್ರೆ ಮರಿಯಮ್ಮನ ಹುಟ್ಟಿದ ಹಬ್ಬ, ನೋಡಿದವರಿಗೆ ಗೊತ್ತು. ಒಂಬತ್ತು ದಿನ ನೊವೆನಾ ಪ್ರಾರ್ಥನೆ, ಸಣ್ಣ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನ ಮುಂದೆ ಎರಚುವುದು, ಹಬ್ಬದ ದಿನ ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ತಂದು, ಭತ್ತ ಸುಲಿದು ಹಾಲಿಗೆ ಹಾಕಿ ಹಿರಿಯರಿಂದ ಶುರು ಮಾಡಿ ಎಲ್ಲರಿಗೂ ಕೊಡುವುದು. ನನಗೆ ಬಹಳ ಪ್ರೀತಿಯ ಹಬ್ಬ. ಆದ್ರೆ ಮಡಿಲು, ಮಮತೆ, ಕಣ್ಣೀರು ಎಲ್ಲವನ್ನೂ ನಾವು ಮರಿಯಮ್ಮನಿಗೆ ಕೊಟ್ಟು, ದೇವರ ಪಾಲಿಗೆ ಕೋಪ ಮತ್ತು ನ್ಯಾಯ ಮಾತ್ರ ಉಳಿಸಿದ್ದೇವೆ. ಕಷ್ಟ ಬಂದಾಗ ಜನ ಅಮ್ಮನ ಹತ್ರ ಓಡುವುದು ಯಾಕೆ ಅಂದ್ರೆ, ದೇವರ ಹತ್ರ ಆ ಮನಸ್ಸು ಇಲ್ಲ ಅಂತ ಒಳಗೊಳಗೇ ನಂಬಿಕೆ. ಇದು ಮರಿಯಮ್ಮನಿಗೂ ನ್ಯಾಯ ಅಲ್ಲ, ದೇವರಿಗೂ ಅಲ್ಲ.

ದೈವಶಾಸ್ತ್ರದ ವಿದ್ಯಾರ್ಥಿ

ಹಿರಿಯರ "ಹೋಲಿಕೆ ಬೇರೆ, ಹೆಸರು ಬೇರೆ" ವಾದ ಗಟ್ಟಿಯಾದದ್ದು. ಅದನ್ನು ಹಗುರ ಮಾಡಬಾರದು. ಆದರೆ ಧರ್ಮೋಪದೇಶಕಾಂಡ 32ರ ಮುಂದೆ ಅದು ನಿಲ್ಲುವುದಿಲ್ಲ. ಮೋಶೆಯ ಆ ಹಾಡಿನ 6ನೇ ವಚನ ದೇವರನ್ನು ತಂದೆ ಎನ್ನುತ್ತದೆ. 18ನೇ ವಚನ, ನಿಮ್ಮನ್ನು ಹೆತ್ತ ದೇವರನ್ನು ಮರೆತಿರಿ ಎನ್ನುತ್ತದೆ. ಮೂಲದಲ್ಲಿ ಅದು ಹೆರಿಗೆಯ ಬೇನೆ ತಿನ್ನುವ ಹೆಣ್ಣಿನ ಮಾತು. ಅಲ್ಲಿ "ಹಾಗೆ" ಇಲ್ಲ. ಒಂದೇ ಹಾಡು, ಹನ್ನೆರಡು ವಚನಗಳ ಅಂತರದಲ್ಲಿ, ಅಪ್ಪನೂ ಹೌದು ಹೆತ್ತವ್ವೆಯೂ ಹೌದು ಎನ್ನುತ್ತಿದೆ. ಯೆಶಾಯ 42:14ರಲ್ಲಿ ದೇವರೇ ಹೆರುವ ಹೆಂಗಸಿನ ಹಾಗೆ ಏದುಸಿರು ಬಿಡುತ್ತಾನೆ. ಲೂಕ 15ರಲ್ಲಿ ಕಳೆದ ಕುರಿ ಹುಡುಕುವ ಕುರುಬ, ಮಗನಿಗಾಗಿ ಕಾಯುವ ಅಪ್ಪ ಇಬ್ಬರ ನಡುವೆ ದೀಪ ಹಚ್ಚಿ ಮನೆ ಗುಡಿಸಿ ಬೆಳ್ಳಿ ನಾಣ್ಯ ಹುಡುಕುವ ಹೆಂಗಸಿದ್ದಾಳೆ. ಮೊದಲಿನವರಿಬ್ಬರನ್ನು ದೇವರ ಚಿತ್ರವೆಂದು ಎಷ್ಟು ಪ್ರಸಂಗಗಳಲ್ಲಿ ಕೇಳಿದ್ದೇವೆ! ಆ ಹೆಂಗಸನ್ನು?

ಕರ್ತನ ಪ್ರಾರ್ಥನೆಯನ್ನು ಬದಲಿಸಿ ಎಂದು ನಾನು ಹೇಳುವುದಿಲ್ಲ. ಸ್ವೀಡನ್ನಿನ ಲೂಥರನ್ ಸಭೆ 2017ರಲ್ಲಿ ಹೊಸ ಆರಾಧನಾ ಪುಸ್ತಕ ಒಪ್ಪಿಕೊಂಡು ಕೆಲವು ಕಡೆ ಗಂಡು ಸಂಬೋಧನೆ ಇಲ್ಲದ ರೂಪಗಳಿಗೂ ಜಾಗ ಮಾಡಿತು. ಅಲ್ಲೂ ತಂದೆ ಎಂಬ ಹೆಸರನ್ನು ಕಿತ್ತುಹಾಕಲಿಲ್ಲ. ಯೇಸು ಕೊಟ್ಟ ಹೆಸರು ಇರಲಿ. ಅದು ಪ್ರೀತಿಯ ಹೆಸರು, ಗಂಡಸುತನದ ಪ್ರಮಾಣಪತ್ರ ಅಲ್ಲ. ಕ್ರಿ.ಶ. 380ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನಾಜಿಯಾನ್ಜಸ್‌ನ ಗ್ರೆಗರಿ ಎಂಬ ಸಭಾಗುರು ಇದನ್ನೇ ಹೇಳಿದ: ತಂದೆ ಎಂದು ಕರೆದ ಮಾತ್ರಕ್ಕೆ ದೇವರು ಗಂಡೆಂದು ತಿಳಿಯುವುದು ನಗೆಪಾಟಲು.

ಸೇತನ ಬಗ್ಗೆ. ಆದಿಕಾಂಡ 5:1-2 ಮೊದಲು ಓದಿ. ಗಂಡು ಹೆಣ್ಣಾಗಿ ಮಾಡಿ ಇಬ್ಬರಿಗೂ ಸೇರಿಸಿ 'ಆದಾಮ್' (ಮನುಷ್ಯ) ಎಂದು ಹೆಸರಿಟ್ಟ ಎಂದಿದೆ. ಆಮೇಲೆ ಸೇತ ಬರುತ್ತಾನೆ. ಮಕ್ಕಳ ಸಂಬಂಧವೂ ಸ್ವರೂಪದೊಳಗೆ ಇದೆ ಎನ್ನಿ, ಒಪ್ಪುತ್ತೇನೆ. ಆದರೆ ಹೆಣ್ಣುಮಕ್ಕಳು ಅದರೊಳಗೇ ಇದ್ದಾರೆ.

ನಿಜವಾದ ತೊಡಕು ಬೇರೆ ಕಡೆ ಇದೆ. 5ನೇ ಶತಮಾನದ ಬಿಷಪ್ ಆಗಸ್ಟೀನ್ ತ್ರಿತ್ವವನ್ನು ಕುರಿತ ಗ್ರಂಥದ 12ನೇ ಭಾಗದಲ್ಲಿ, ಗಂಡಸು ಒಬ್ಬನೇ ಆದರೂ ದೇವರ ಪೂರ್ಣ ಸ್ವರೂಪ, ಹೆಂಗಸು ಗಂಡನ ಜೊತೆ ಸೇರಿದಾಗ ಸ್ವರೂಪ, ಸಹಾಯಕಿಯಾಗಿ ಒಬ್ಬಳೇ ಇರುವಾಗ ಅಲ್ಲ ಎಂಬ ಅರ್ಥದ ಮಾತು ಬರೆದಿದ್ದಾನೆ. ಗಂಡಸು ದೇವರ ಸ್ವರೂಪ, ಹೆಂಗಸು ಗಂಡಸಿನ ಮಹಿಮೆ ಎನ್ನುವ ಪೌಲನ 1 ಕೊರಿಂಥ 11:7ನ್ನು ವಿವರಿಸಲು ಹೋಗಿ ಬಂದ ಮಾತದು. ಅದೇ ಭಾಗದಲ್ಲಿ ಹೆಣ್ಣಿನ ಬುದ್ಧಿಯೂ ದೇವರ ಸ್ವರೂಪದ್ದೇ ಎಂದು ಒಪ್ಪುತ್ತಾನೆ, ನಿಜ. ಆದರೆ ಸಭೆಗಳಲ್ಲಿ ಉಳಿದು ಬೆಳೆದದ್ದು ಮೊದಲ ಮಾತು. ಪೌಲನಾದರೂ ಅದೇ ಅಧ್ಯಾಯದ 11-12ರಲ್ಲಿ ತನ್ನ ಮಾತನ್ನು ತಾನೇ ಸಮ ಮಾಡುತ್ತಾನೆ: ಗಂಡಸು ಹುಟ್ಟುವುದೂ ಹೆಂಗಸಿನಿಂದಲೇ, ಎಲ್ಲವೂ ದೇವರಿಂದಲೇ. 7ನೇ ವಚನ ಬಾಯಿಪಾಠ ಇರುವಷ್ಟು ಜನಕ್ಕೆ 12ನೆಯದು ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಬಾದಾಮಿ ಬಂಡೆ

ನಾನು ಕ್ರೈಸ್ತನಲ್ಲ. ಆದರೂ ಓದಿಕೊಂತ ಹೋದಂಗ ಒಂದು ಹೇಳಬೇಕನಸ್ತು. ನಮ್ಮೂರ ಮೊದಲನೇ ಗುಹೆಯೊಳಗ 6ನೇ ಶತಮಾನದ ಅರ್ಧನಾರೀಶ್ವರ ಅದಾನ. ಒಂದು ಮಗ್ಗಲು ಶಿವ, ಒಂದು ಮಗ್ಗಲು ಪಾರ್ವತಿ. ಬಂದವರೆಲ್ಲಾ ಅದನ್ನ ನೋಡಿ ಫೋಟೊ ತಗದು ಹೋಗ್ತಾರ. ಪಕ್ಕದಾಗ ನಿಂತ ಶಿವಭಕ್ತ ಭೃಂಗಿನ್ನ ನೋಡೂದಿಲ್ಲ. ಬರೀ ಎಲುಬು, ಪಕ್ಕೆಲುಬು ಎಣಿಸಬಹುದು, ಅಷ್ಟು ಸಾಫಾಗಿ ಕಡದಾರ.

ಭೃಂಗಿ ಶಿವನಿಗೆ ಅಷ್ಟ ಪ್ರದಕ್ಷಿಣಿ ಹಾಕ್ತೀನಿ, ಪಾರ್ವತಿಗೆ ಹಾಕೂದಿಲ್ಲ ಅಂತ ಹಟ ಹಿಡದ. ಇಬ್ಬರೂ ಒಂದೇ ಮೈ ಆಗಿ ನಿಂತರೂ ದುಂಬಿಯಾಗಿ ನಡುವ ಕೊರದು ಶಿವನ ಭಾಗ ಅಷ್ಟ ಸುತ್ತಲಿಕ್ಕೆ ಹೋದ. ಆಗ ಪಾರ್ವತಿ, ನಿನ್ನ ಮೈಯಾಗ ತಾಯಿಯಿಂದ ಬಂದದ್ದನ್ನ ಬಿಟ್ಟುಕೊಡು ಅಂದಳು. ರಕ್ತ ಮಾಂಸ ಎಲ್ಲಾ ಇಳದು ಹೋಗಿ ಎಲುಬು ಉಳೀತು. ನಿಲ್ಲಾಕ ಬರಲಿಲ್ಲ ಅಂತ ಶಿವ ಮೂರನೇ ಕಾಲು ಕೊಟ್ಟ. ದೇವರೊಳಗಿನ ಹೆಣ್ಣನ್ನ ಒಲ್ಲೆ ಅಂದವನ ಮೈ ಏನಾಗ್ತದ ಅನ್ನೂದನ್ನ ನಮ್ಮ ಶಿಲ್ಪಿಗಳು ಅಲ್ಲೇ ಕಡದು ಇಟ್ಟಾರ್ರಿ.

ಕಲ್ಯಾಣದ ಹಾದಿ

ಜೇಡರ ದಾಸಿಮಯ್ಯನವರನ್ನೂ ನೆನೆಯಬೇಕು. ಮೈಯ ಗುರುತು ನೋಡಿ ಹೆಣ್ಣು ಗಂಡು ಅನ್ನುತ್ತಾರೆ, ನಡುವೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲ ಎಂಬುದು ಅವರ ನಿಲುವು. ಮನುಷ್ಯನ ಆತ್ಮಕ್ಕೇ ಲಿಂಗಭೇದವಿಲ್ಲ ಎಂದ ಮೇಲೆ ದೇವರಿಗೆ ಹಚ್ಚುವುದು ಎಲ್ಲಿಂದ ಬಂತು?

ಧಾರವಾಡದ ಮಗಳು

ಭೃಂಗಿ ಕಥಿ ಓದಿ ಸುಮ್ಮನ ಕೂತಿದ್ದೆ ಅಣ್ಣಾರ. ಬಾದಾಮಿಗೆ ಹೋದಾಗ ನಾನೂ ಅವನ್ನ ನೋಡಿರಲಿಲ್ಲ.

ಆದರ ನಮ್ಮ ನಂಬಿಕಿ ಇಲ್ಲಿ ಸ್ವಲ್ಪ ಬ್ಯಾರೆ ದಾರಿ ಹಿಡೀತದ. ದೇವರು ಅರ್ಧ ಗಂಡು ಅರ್ಧ ಹೆಣ್ಣು ಅಂತ ನಾವು ಹೇಳೂದಿಲ್ಲ. ಹಂಗಂದ್ರ ಎರಡು ಮೂರ್ತಿ ಕೂಡಿಸಿದಂಗ ಆಗ್ತದ. ಇನ್ನ ಆತ್ಮಕ್ಕ ಭೇದ ಇಲ್ಲ ಅಂದು ಮೈಯನ್ನ ಪಕ್ಕಕ್ಕ ಇಡೂದೂ ಆದಿಕಾಂಡದ ರೀತಿ ಅಲ್ಲ. ಅಲ್ಲಿ ಮೈ ಇರೂ ಮನುಷ್ಯರನ್ನ, ಗಂಡನ್ನೂ ಹೆಣ್ಣನ್ನೂ, ಸ್ವರೂಪ ಅಂತ ಕರದೈತಿ. ದೇವರು ಎರಡೂ ಅಲ್ಲ. ಆದರ ಇಬ್ಬರೂ ಅವರ ಸ್ವರೂಪ. ನಾನು ಹಿಡದಿರೂದು ಇದನ್ನ. ಹೆಣ್ಣಿನ ಮೈಯನ್ನ ಮರತು ಆತ್ಮ ಅಷ್ಟ ದೇವರದು ಅಂದ್ರ, ನಮ್ಮ ಮೈಗೆ ಬಂದ ಅವಮಾನ ಹಂಗ ಉಳೀತದ.

ಉಳ್ಳಾಲದ ಓದುಗ

ಇಸ್ಲಾಮಿನಲ್ಲಿ ಅಲ್ಲಾಹನಿಗೆ ಹೋಲಿಕೆಯಾದದ್ದು ಯಾವುದೂ ಇಲ್ಲ, ಕುರ್‌ಆನ್ 42:11. ಗಂಡು ಹೆಣ್ಣಿನ ಪ್ರಶ್ನೆ ಅಲ್ಲಿಗೇ ನಿಲ್ತದೆ. ಅಲ್ಲಾಹನು ಆದಮರನ್ನು "ತನ್ನ ರೂಪದಲ್ಲಿ" ಸೃಷ್ಟಿಸಿದ ಎಂಬ ಹದೀಸ್ (ಪ್ರವಾದಿಯವರ ಮಾತು) ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ಉಂಟು. ಅದು ಯಾರ ರೂಪ, ಅಲ್ಲಾಹನದೋ ಆದಮರದೋ ಎಂದು ಉಲಮಾಗಳಲ್ಲಿ (ಧರ್ಮಪಂಡಿತರಲ್ಲಿ) ಭಿನ್ನಾಭಿಪ್ರಾಯ ಇದೆ. ತಂದೆ, ತಾಯಿ ಎರಡೂ ನಾವು ಕರೆಯುವುದಿಲ್ಲ. ಆದರೂ ಬುಖಾರಿಯಲ್ಲೇ ಇನ್ನೊಂದು ಉಂಟು. ಸೆರೆಯಾಳುಗಳ ನಡುವೆ ಒಬ್ಬ ಹೆಂಗಸು ಮಗುವನ್ನು ಎದೆಗಪ್ಪಿ ಹಾಲು ಕುಡಿಸುವುದನ್ನು ತೋರಿಸಿ ಪ್ರವಾದಿಯವರು, ಇವಳು ತನ್ನ ಮಗುವನ್ನು ಬೆಂಕಿಗೆ ಹಾಕುವಳೇ ಎಂದು ಕೇಳ್ತಾರೆ. ಇಲ್ಲ ಎಂದಾಗ, ಅಲ್ಲಾಹನಿಗೆ ತನ್ನ ದಾಸರ ಮೇಲೆ ಇವಳಿಗಿಂತ ಹೆಚ್ಚು ಕರುಣೆ ಅಂತಾರೆ. ಯೆಶಾಯ 49:15ರಲ್ಲಿ ಮೊಲೆಗೂಸನ್ನು ತಾಯಿ ಮರೆತಾಳೇ ಎಂಬ ಮಾತು ಉಂಟಲ್ಲ, ಅದನ್ನು ಓದಿದಾಗ ನನಗೆ ಇದು ನೆನಪಾಯ್ತು.

ಮಂಡ್ಯ ಸೀಮೆ

ನಾನು ನರ್ಸ್. ಇಷ್ಟೊತ್ತು ಓದಿದೆ, ಒಂದೇ ವಿಷಯ ಹೇಳ್ತೀನಿ. 2023ರ ಕೊನೇಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಗರ್ಭದಲ್ಲಿರೋದು ಹೆಣ್ಣಾ ಗಂಡಾ ಅಂತ ನೋಡ್ತಿದ್ದದ್ದು ಬಯಲಾಯ್ತು. ಭ್ರೂಣಲಿಂಗ ಪತ್ತೆ ತಡೆಯೋ ಕಾನೂನು ಬಂದಿದ್ದು 1994ರಲ್ಲಿ. ಇಷ್ಟು ವರ್ಷ ಆದಮೇಲೂ ಬೆಲ್ಲ ಬೇಯೋ ಜಾಗದಲ್ಲಿ ಈ ಕೆಲಸ ನಡೀತಿತ್ತು. ದೇವರ ಸ್ವರೂಪ ಅನ್ನೋ ಮಾತನ್ನ ನಮ್ಮ ಗುಡಿ, ಚರ್ಚು, ಮಠಗಳಲ್ಲಿ ಹೇಳೋರು ಅದನ್ನ ಹೊಟ್ಟೇಲಿರೋ ಹೆಣ್ಣುಮಗುವಿನ ಹೆಸರು ಹಿಡಿದು ಹೇಳಲಿ. ಬರೀ 'ಮನುಷ್ಯ' ಅಂದ್ರೆ ಜನ ಗಂಡು ಅಂತ ತಿಳ್ಕೋತಾರೆ.

ದೈವಶಾಸ್ತ್ರದ ವಿದ್ಯಾರ್ಥಿ

ಅಕ್ಕಾ, ಆದಿಕಾಂಡ 9:6 ಇದನ್ನೇ ಹೇಳುವುದು. ಕೊಲ್ಲಬಾರದು, ಏಕೆಂದರೆ ಮನುಷ್ಯರು ದೇವರ ಸ್ವರೂಪ. ಯಾಕೋಬ 3:9 ಇನ್ನೂ ಮುಂದೆ ಹೋಗುತ್ತದೆ: ದೇವರ ಹೋಲಿಕೆಯಲ್ಲಿ ಹುಟ್ಟಿದವರನ್ನು ಬೈಯುವುದೂ ತಪ್ಪು. ನಿಮ್ಮ ಮಾತನ್ನು ಮುಂದಿನ ಸಲ ಪ್ರಸಂಗಕ್ಕೆ ನಿಂತಾಗ ಹೇಳುತ್ತೇನೆ.

ಹಳೇ ಸಭೆಯವ

ಧರ್ಮೋಪದೇಶಕಾಂಡ 32:18 ಮತ್ತೆ ಮತ್ತೆ ಓದಿದೆ. ಸರಿ, ಅದು ಬರೀ ಹೋಲಿಕೆ ಅಲ್ಲ ಅಂತ ಒಪ್ತೀನಿ. ಒಬ್ಬರ ಪ್ರಾರ್ಥನೆಯಲ್ಲಿ ತಾಯಿ ಅನ್ನೋ ಮಾತು ಬಂದರೆ ಅದನ್ನು ತಡೆಯೋಕೆ ವಚನದ ಆಧಾರ ನನ್ನ ಹತ್ತಿರ ಇಲ್ಲ. ಆದರೆ ಸಭೆಯ ಆರಾಧನಾ ಕ್ರಮದಲ್ಲಿ ತಂದೆ ಅನ್ನೋದೇ ಉಳೀಬೇಕು, ಇದರಲ್ಲಿ ನಾನು ಬದಲಾಗಲ್ಲ. ಒಂದು ಪ್ರಶ್ನೆ ಉಳಿದಿದೆ. ಯೇಸು ಗಂಡಾಗಿಯೇ ಹುಟ್ಟಿದ. ಕೊಲೊಸ್ಸೆ 1:15 ಆತನನ್ನು ಅದೃಶ್ಯನಾದ ದೇವರ ಪ್ರತಿರೂಪ ಅನ್ನುತ್ತೆ. ಅದಕ್ಕೇನು ಹೇಳ್ತೀರಿ?

ದೈವಶಾಸ್ತ್ರದ ವಿದ್ಯಾರ್ಥಿ

ಯೇಸು ಗಂಡಸು, ಯೆಹೂದ್ಯ, ಗಲಿಲಾಯದವನು, ಬಡಗಿ. ಇವೆಲ್ಲ ನಿಜ. ಮನುಷ್ಯನಾಗಿ ಹುಟ್ಟಿದ ಮೇಲೆ ಒಂದು ಊರು, ಒಂದು ಮೈ ಇರಲೇಬೇಕು. ಆದರೆ ರಕ್ಷಣೆ ಕೊಡುವುದು ಆತನ ಗಂಡಸುತನ ಎಂದರೆ ಹೆಣ್ಣುಮಕ್ಕಳು ಹೊರಗೆ ಉಳಿದರು. ಅದೇ ಗ್ರೆಗರಿ ಕ್ಲೆದೋನಿಯುಸ್ ಎಂಬ ಪಾದ್ರಿಗೆ ಬರೆದ ಪತ್ರದಲ್ಲಿ, ಕ್ರಿಸ್ತನು ಧರಿಸದೆ ಬಿಟ್ಟದ್ದು ಗುಣವಾಗದೆ ಉಳಿಯುತ್ತದೆ ಎಂದಿದ್ದಾನೆ. ಹೆಣ್ಣುಮಕ್ಕಳಿಗೂ ನಾವು ದೀಕ್ಷಾಸ್ನಾನ ಕೊಡುತ್ತೇವಲ್ಲ? ಹಾಗಿದ್ದರೆ ಆತ ಧರಿಸಿದ್ದು ಮನುಷ್ಯತ್ವ, ಗಂಡಸುತನವನ್ನಷ್ಟೇ ಅಲ್ಲ. ನಮ್ಮ ಸಿ.ಎಸ್.ಐ. 2013ರಲ್ಲಿ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಇ. ಪುಷ್ಪಲಲಿತಾ ಅವರನ್ನು ಮೊದಲ ಮಹಿಳಾ ಬಿಷಪ್ ಆಗಿ ಅಭಿಷೇಕಿಸಿದ್ದು ಈ ನಂಬಿಕೆಗೆ ತಕ್ಕ ಕೆಲಸ. ಆರಾಧನಾ ಕ್ರಮದ ಬಗ್ಗೆ ನಿಮ್ಮ ಜೊತೆ ನನ್ನ ಭಿನ್ನಾಭಿಪ್ರಾಯ ಹಾಗೇ ಇರಲಿ ಅಯ್ಯನವರೇ. ಯೆಶಾಯನ ತಾಯಿ ಮಾತುಗಳನ್ನು ಪಾಠವಾಗಿ ಓದುವುದಕ್ಕಾದರೂ ಜಾಗ ಬೇಕು ಅನ್ನುತ್ತೇನೆ.

ಸವದತ್ತಿ ಸೀಮೆ

ಎಲ್ಲಾರೂ ಗಂಡು ಹೆಣ್ಣು ಅಂತ ಎರಡರ ಮಾತ ಆಡಾಕತ್ತೀರಿ. ನಾವು ಎಲ್ಲಮ್ಮನ ಗುಡ್ಡದ ಕಡೆಯವರು. ನಮ್ಮ ಕಡೆ ಜೋಗಪ್ಪಗಳು ಅದಾರ, ಗಂಡಾಗಿ ಹುಟ್ಟಿದವರು. ತಾಯಿ ಹಿಡದಾಳ ಅಂತ ಮುತ್ತು ಕಟ್ಟಿಸಿಕೊಂಡು, ಸೀರಿ ಉಟ್ಟು, ಕೊಡ ಹೊತ್ತು ಚೌಡಕಿ ಪದ ಹಾಡ್ತಾರ. ಮಂಜಮ್ಮ ಜೋಗತಿಯವರಿಗೆ 2021ರಾಗ ಪದ್ಮಶ್ರೀ ಬಂದಾಗ ನಮ್ಮೂರಾಗ ಹಬ್ಬ ಆದಂಗ ಆಗಿತ್ತು. ಗುಡ್ಡದಾಗ ಅವರಿಗೆ ಜಾಗ ಐತಿ, ಊರಾಗ ಬಾಡಿಗಿ ಮನಿ ಸಿಗೂದಿಲ್ಲ. ನಿಮ್ಮ ಆದಿಕಾಂಡದ ಸ್ವರೂಪ ಅವರಿಗೂ ಐತೇನು? "ಗಂಡು ಹೆಣ್ಣಾಗಿ" ಅಂತ ಬರದದ್ದರೊಳಗ ಅವರು ಎಲ್ಲಿ ಬರ್ತಾರ?

ಧಾರವಾಡದ ಮಗಳು

ಐತ್ರಿ. ಗಂಡು ಹೆಣ್ಣು ಅನ್ನೂ ಮಾತು ಯಾರನ್ನೂ ಹೊರಗ ಹಾಕಾಕ ಬರದದ್ದಲ್ಲ, ಅರಸನಿಗೆ ಅಷ್ಟ ಇದ್ದದ್ದನ್ನ ಎಲ್ಲಾರಿಗೂ ಹಂಚಾಕ ಬರದದ್ದು. ಶಾಸನಪ್ರಿಯ ಅವರು ಮ್ಯಾಲೆ ಹೇಳ್ಯಾರಲ್ಲ, ಅದ. ಹಳೇ ಧರ್ಮಶಾಸ್ತ್ರದಾಗ ಬೀಜ ಒಡದವರು ಸಭೆಯೊಳಗ ಬರಬಾರದು ಅಂತ ಇತ್ತು, ಧರ್ಮೋಪದೇಶಕಾಂಡ 23:1. ಯೆಶಾಯ 56:3-5 ಆ ಬಾಗಲಾ ತಗೀತದ. ನಾನು ಒಣಗಿದ ಮರ ಅಂತ ನಪುಂಸಕರು ಅನ್ನಬಾರದು, ನನ್ನ ಆಲಯದಾಗ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಿಗೂದಕ್ಕಿಂತ ದೊಡ್ಡ ಹೆಸರು ಅವರಿಗೆ ಕೊಡ್ತೀನಿ ಅಂತ ದೇವರೇ ಹೇಳ್ತಾರ. ಅಪೊಸ್ತಲರ ಕೃತ್ಯ 8ರೊಳಗ ಐಥಿಯೋಪ್ಯದ ಕಂಚುಕಿ, ಅಂದ್ರ ನಪುಂಸಕ ಅಧಿಕಾರಿ, ರಥದಾಗ ಕೂತು ಯೆಶಾಯನ ಪುಸ್ತಕಾನ ಓದ್ತಿದ್ದ. ಇಲ್ಲಿ ನೀರೈತಿ, ನನಗ ದೀಕ್ಷಾಸ್ನಾನ ಆಗಾಕ ಏನಡ್ಡಿ ಅಂತ ಕೇಳಿದಾಗ ಸುವಾರ್ತೆ ಹೇಳಾಕ ಬಂದ ಫಿಲಿಪ್ಪ ಅವನ ಮೈ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಬಾಡಿಗಿ ಮನಿ ವಿಷಯಕ್ಕ ವಚನ ಹೇಳಿ ಕೂತ್ರ ಆಗೂದಿಲ್ಲ ಅನ್ನೂದು ಗೊತ್ತೈತಿ. ನಮ್ಮ ಕೂಟದಾಗ ಮನಿ ಬಾಡಿಗಿ ಕೊಡೂ ಮಂದಿ ಅದಾರ. ಅವರನ್ನ ನಾನ ಕೇಳ್ತೀನಿ. ನಿಮ್ಮ ಕಡೆ ಯಾರಿಗೆ ಬೇಕಾಗೇತಿ, ಯಾವ ಊರಾಗ ಅಂತ ನನಗ ಖಾಸಗಿಯಾಗಿ ಬರದು ಕಳಸ್ರಿ.